ಚಿಂಚೋಳಿ ಕಾಡಿನ ಅಂಚಿಗೆ ಹಿಂಡು ಬಾಡಿಗೆಗೆ ತಗೊಳ್ಳಿ, ಸಾಹೇಬರೇ

ಗೆ,
ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು,
ಕಲಬುರಗಿ ವೃತ್ತ.

ಹಾಗೆಯೇ, ಕಾಡಂಚಿನ ಊರು ಮತ್ತು ತಾಂಡಾಗಳ ನಮ್ಮ ಜನರಿಗೆ.

ಸಾಹೇಬರೇ, ನಮಸ್ಕಾರ. ಕಾಡಂಚಿನ ಹುಲ್ಲನ್ನು ಬೇಸಿಗೆಗೆ ಮೊದಲೇ ಕುರಿ, ಆಡಿನ ಹಿಂಡಿಗೆ ಮೇಯಲು ಬಿಟ್ಟು ಕಾಡಿನ ಬೆಂಕಿ ತಡೆಯಿರಿ, ಕುರಿಗಾರರಿಗೆ ಅದರ ಕೂಲಿ ಕೊಡಿ ಅಂತ ಕೇಳಲು ಈ ಪತ್ರ.

ನಾನು ಚಿಂಚೋಳಿ ತಾಲ್ಲೂಕಿನವನು. ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಡಾಕ್ಟರ್ ಅಲ್ಲ, ಅವರ ಕೈಕೆಳಗೆ ಸೂಜಿ ಚುಚ್ಚುತ್ತಿದ್ದವನು. ಆದರೂ ಊರಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ‘ಡಾಕ್ಟ್ರೇ’ ಅಂತಲೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾದೆ. ಕಾಡಿಗೆ ಹತ್ತಿಕೊಂಡು ನನ್ನದು ಮೂರು ಎಕರೆ ತೊಗರಿ ಹೊಲ ಇದೆ.

ನಿಮ್ಮ ಕಾಡಿಗೆ ಒಂದು ಸಲ ಬೆಂಕಿ ಬಿದ್ದಿದ್ದು ಆ ಹೊಲದ ಬದುವಿನಿಂದ. ಹಚ್ಚಿದವನು ನಾನೇ. ಬಹಳ ವರ್ಷ ಆಯಿತು. ಈಗ ಕೇಸು ಹಾಕಬೇಕು ಅನ್ನಿಸಿದರೆ ಹಾಕಿ, ಆದರೆ ಮೊದಲು ಪತ್ರ ಪೂರ್ತಿ ಓದಿ.

ಶಿವರಾತ್ರಿ ಮುಗಿದು ಎಂಟು ದಿನ ಆಗಿತ್ತು. ತೊಗರಿ ರಾಶಿ ಮುಗಿದು, ಕಟ್ಟಿಗೆಯೂ ಮನೆ ಸೇರಿತ್ತು. ಬದುವಿನ ಮೇಲೆ ಮಾತ್ರ ಕರಡ ಹುಲ್ಲು ಮೊಣಕಾಲುದ್ದ ಒಣಗಿ ನಿಂತಿತ್ತು. ನಮ್ಮ ಕಡೆ ಎಲ್ಲರೂ ಮಾಡುವಂತೆ ನಾನೂ ಬೆಳಿಗ್ಗೆ ಕಡ್ಡಿ ಗೀರಿದೆ. ಆಗ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಹತ್ತು ಗಂಟೆಗೆ ಎದ್ದಿತು ನೋಡಿ. ನಾನು, ನನ್ನ ಹೆಂಡತಿ, ಪಕ್ಕದ ಹೊಲದವರು ಇಬ್ಬರು, ಬೇವಿನ ಟೊಂಗೆ ಮುರಿದುಕೊಂಡು ಬಡಿದದ್ದೇ ಬಡಿದದ್ದು. ಬೆಂಕಿ ನಮ್ಮನ್ನು ಲೆಕ್ಕಕ್ಕೇ ತಗೊಳ್ಳದೆ ಬದು ದಾಟಿತು.

ಬದು ದಾಟಿದ ಮೇಲೆ ಅದು ಎರಡು ದಾರಿ ಹಿಡಿಯಿತು. ಎಡಗಡೆ ಕಾಡಿನ ಹುಲ್ಲು ಹಿಡಿದು ಗುಡ್ಡ ಹತ್ತಿತು. ಸಂಜೆವರೆಗೆ ಉರಿಯಿತು. ಬಲಗಡೆ ನಮ್ಮೂರ ಗಾಯರಾಣ, ಅಂದರೆ ಊರ ದನ ಮೇಯುವ ಜಾಗ ಇದೆ. ಅಲ್ಲಿ ಊರಿನ ಕುರುಬರ ಕಾಕಾ ದೀಪಾವಳಿ ಆದ ಮೇಲೆ ಹದಿನೈದು ದಿನ ಹಿಂಡು ನಿಲ್ಲಿಸಿದ್ದ. ಆಡು, ಕುರಿ ಎರಡೂ ಇದ್ದವು. ತಲೆ ಬೋಳಿಸಿದಂತೆ ಆಗಿತ್ತು ಆ ಜಾಗ. ಬೆಂಕಿ ಅಲ್ಲಿ ತನಕ ಜೋರಾಗಿ ಬಂತು. ಆಮೇಲೆ ಮೊಣಕಾಲಿನಿಂದ ಹಿಮ್ಮಡಿಗೆ ಇಳಿಯಿತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಹೊಟ್ಟೆಗಿಲ್ಲದೆ ಸತ್ತುಹೋಯಿತು. ನಾವು ಆ ಕಡೆ ಒಂದು ಟೊಂಗೆಯನ್ನೂ ಬಡಿದಿರಲಿಲ್ಲ.

ಒಂದು ದಿನ ಕಂಡಿದ್ದನ್ನೇ ಶಾಸ್ತ್ರ ಮಾಡಬಾರದು, ಗೊತ್ತು. ಆದರೆ ಆ ನಾಲ್ಕು ಹೆಜ್ಜೆ ನನ್ನ ತಲೆಯಿಂದ ಹೋಗಲೇ ಇಲ್ಲ. ನಿವೃತ್ತಿ ಆದ ಮೇಲೆ ಬೇಕಾದಷ್ಟು ಸಮಯ ಸಿಕ್ಕಿತು, ಮೊಬೈಲೂ ಸಿಕ್ಕಿತು. ಹುಡುಕುತ್ತಾ ಹೋದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಹಿಂಡು ಮೇಯಿಸಿ ಬೆಂಕಿ ತಡೆಯುವುದು ಮಾಮೂಲಿ ಕೆಲಸ. 1991ರಲ್ಲಿ ಓಕ್ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದು 25 ಜನ ಸತ್ತರು, ಮೂರು ಸಾವಿರ ಮನೆ ಸುಟ್ಟುಹೋದವು. ಈಗ ಆ ಗುಡ್ಡಗಳಲ್ಲಿ ಬೇಸಿಗೆಗೆ ಮೊದಲು ಆಡಿನ ಹಿಂಡು ಬಾಡಿಗೆಗೆ ತಂದು ಪೊದೆ ಮೇಯಿಸುತ್ತಾರೆ. ಸಿಮಿ ವ್ಯಾಲಿ ಎಂಬಲ್ಲಿ ಅಧ್ಯಕ್ಷ ರೇಗನ್ ಹೆಸರಿನ ದೊಡ್ಡ ಗ್ರಂಥಾಲಯ ಇದೆ. 2019ರ ಮೇ ತಿಂಗಳಲ್ಲಿ ಸುಮಾರು 500 ಆಡು ತರಿಸಿ ಅದರ ಸುತ್ತಲಿನ 13 ಎಕರೆ ಮೇಯಿಸಿದರು. ಅಕ್ಟೋಬರಿನಲ್ಲಿ ಬೆಂಕಿ ಬಂತು. ಗ್ರಂಥಾಲಯ ಉಳಿಯಿತು. ಆಡು ಮೇಯ್ದ ಪಟ್ಟಿಯಿಂದ ನಮಗೆ ಅನುಕೂಲ ಆಯಿತು ಅಂತ ಬೆಂಕಿ ನಂದಿಸಿದವರೇ ಹೇಳಿದರು. ಅಲ್ಲಿ ಹಿಂಡು ಕಾಯುವವರು ಸಿಗದೆ ಪೆರು ದೇಶದಿಂದ ಕುರಿಗಾರರನ್ನು ಕರೆಸಿಕೊಳ್ಳುತ್ತಾರಂತೆ. ಇಲ್ಲಿ ನಮ್ಮ ಮನೆ ಬಾಗಿಲಲ್ಲೇ ಇದ್ದಾರೆ, ನಾವು ಓಡಿಸುತ್ತೇವೆ.

ನನಗೆ ಇದಕ್ಕಿಂತ ಹಿಡಿಸಿದ್ದು ಸ್ಪೇನ್ ದೇಶದ ಆಂಡಲೂಸಿಯಾದ ವ್ಯವಸ್ಥೆ. 2005ರಿಂದ ಅಲ್ಲಿನ ಸರ್ಕಾರ ಬೆಂಕಿ ರೇಖೆಗಳನ್ನು, ಅಂದರೆ ಬೆಂಕಿ ದಾಟದಂತೆ ಕಾಡಿನಲ್ಲಿ ಖಾಲಿ ಬಿಡುವ ಪಟ್ಟಿಗಳನ್ನು ಕುರಿಗಾರರಿಗೆ ವಹಿಸಿಕೊಟ್ಟಿದೆ. ನಿನಗೆ ಇಷ್ಟು ಜಾಗ, ಇಷ್ಟು ಮೇಯಿಸಬೇಕು ಅಂತ ಕರಾರು. ಗುಡ್ಡ ಕಡಿದಾಗಿದ್ದರೆ, ಪೊದೆ ದಟ್ಟವಾಗಿದ್ದರೆ, ದೊಡ್ಡಿ ದೂರ ಇದ್ದರೆ ದರ ಜಾಸ್ತಿ. ಬೆಂಕಿ ಕಾಲ ಬರುವ ಹೊತ್ತಿಗೆ ಅಧಿಕಾರಿಗಳು ಬಂದು ಎಷ್ಟು ಮೇಯ್ದಿದೆ ನೋಡುತ್ತಾರೆ. ಕೆಲಸ ಆಗಿದ್ದರೆ ಹಣ, ಆಗದಿದ್ದರೆ ಇಲ್ಲ. ನಮ್ಮ ಗುತ್ತಿಗೆದಾರರಿಗೂ ಈ ನಿಯಮ ಇದ್ದಿದ್ದರೆ ಎಷ್ಟು ರಸ್ತೆ ಉಳಿಯುತ್ತಿದ್ದವೋ, ಇರಲಿ ಬಿಡಿ. ಅದೇ ದೇಶದ ಇನ್ನೊಂದು ಭಾಗ ಕ್ಯಾಟಲೋನಿಯಾದಲ್ಲಿ ಹೀಗೆ ಮೇಯ್ದ ಹಿಂಡಿನ ಮಾಂಸಕ್ಕೆ ಬೇರೆ ಚೀಟಿ ಅಂಟಿಸಿ ಮಾರುತ್ತಾರೆ. ನಮ್ಮಲ್ಲಿ ಅದರ ಅವಶ್ಯಕತೆ ಇಲ್ಲ. ಚೀಟಿ ಇಲ್ಲದೆಯೇ ಭಾನುವಾರ ಹನ್ನೊಂದಕ್ಕೆಲ್ಲ ಮಟನ್ ಖಾಲಿ.

ಪೋರ್ಚುಗಲ್ ಕಥೆ ಬೇರೆ. 2017ರ ಜೂನ್‌ನಲ್ಲಿ ಪೆಡ್ರೊಗಾವ್ ಗ್ರಾಂಡೆ ಎಂಬ ಕಡೆ ಒಂದೇ ಬೆಂಕಿಗೆ 66 ಜನ ಸತ್ತರು. ಅಲ್ಲಿ ಹಳ್ಳಿಗಳು ಖಾಲಿಯಾಗಿದ್ದವು. ಹುಡುಗರು ಪಟ್ಟಣ ಸೇರಿದರು, ಹಿಂಡುಗಳು ಹೋದವು, ಮೇಯುವ ಬಾಯಿ ಇಲ್ಲದೆ ಪೊದೆ ಬೆಳೆದು ನಿಂತಿತು. ಆಮೇಲೆ ಸರ್ಕಾರವೇ ಹಣ ಕೊಟ್ಟು ಆಡು ಕಾಯುವವರನ್ನು ಹುಡುಕಬೇಕಾಯಿತು. ಇದನ್ನು ಓದಿದಾಗ ಕಾಕಾನ ಮಕ್ಕಳು ನೆನಪಾದರು. ಒಬ್ಬ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ, ಇನ್ನೊಬ್ಬ ಪುಣೆಯಲ್ಲಿ.

ಈಗ ನಮ್ಮ ಕಾಡಿಗೆ ಬರುತ್ತೇನೆ. ಅಲ್ಲಿನದನ್ನು ತಂದು ಇಲ್ಲಿ ಹಾಗೇ ಅಂಟಿಸಲು ಆಗಲ್ಲ.

ಕ್ಯಾಲಿಫೋರ್ನಿಯಾದ ಬೆಂಕಿ ಪೊದೆಯ ಬೆಂಕಿ. ನೆಲದಿಂದ ಪೊದೆಗೆ, ಪೊದೆಯಿಂದ ಮರದ ತುದಿಗೆ ಏಣಿ ಹತ್ತಿದಂತೆ ಹೋಗುತ್ತದೆ. ಆಡು ಆ ಏಣಿಯ ಕೆಳಗಿನ ಮೆಟ್ಟಿಲನ್ನೇ ತಿಂದು ಹಾಕುತ್ತದೆ. ಹಿಂಗಾಲ ಮೇಲೆ ನಿಂತರೆ ಐದು ಅಡಿ ಮೇಲಿನ ತೊಪ್ಪಲಿಗೂ ಅದರ ಬಾಯಿ ಮುಟ್ಟುತ್ತದೆ. ನಮ್ಮ ಚಿಂಚೋಳಿ, ಕುಂಚಾವರಂ ಕಡೆಯದು ಎಲೆ ಉದುರಿಸುವ ಒಣ ಕಾಡು. ಇಲ್ಲಿ ಬೆಂಕಿ ನೆಲದ ಮೇಲೆ ಹರಿಯುತ್ತದೆ. ಮೊದಲು ಒಣ ಹುಲ್ಲು, ಆಮೇಲೆ ತೇಗದ ಎಲೆ. ಹುಲ್ಲಿಗೆ ಆಡಿಗಿಂತ ಕುರಿ ಒಳ್ಳೆಯದು. ಆಡು ತೊಪ್ಪಲಿನ ಪ್ರಾಣಿ, ಕುರಿ ಹುಲ್ಲಿನ ಪ್ರಾಣಿ. ಹಾಗಾಗಿ ನಮಗೆ ಬೇಕಾದದ್ದು ಎರಡೂ ಕೂಡಿದ ಹಿಂಡು. ಅದೃಷ್ಟಕ್ಕೆ ನಮ್ಮ ಕಡೆ ಹಿಂಡು ಇರುವುದೇ ಹಾಗೆ. ಯಾದಗಿರಿ ಕಡೆಯ ಕೆಂಗುರಿ, ಕರಿ ಉಣ್ಣೆಯ ದಖನಿ ಕುರಿ, ಉಸ್ಮಾನಾಬಾದಿ ಆಡು, ಬೀದರಿನ ಬಿದ್ರಿ ಆಡು. ಈ ಬಿದ್ರಿ ಆಡಿಗೆ ಈಗ ದೇಶದ ತಳಿ ಪಟ್ಟಿಯಲ್ಲಿ ಹೆಸರೂ ಬಂದಿದೆ.

ಇನ್ನು ತೇಗದ ಎಲೆ. ಅದು ಉದುರುವುದು ಸಂಕ್ರಾಂತಿ ಆಸುಪಾಸು ಮತ್ತು ಆಮೇಲೆ. ಒಣಗಿದ ತೇಗದ ಎಲೆಯನ್ನು ಯಾವ ಆಡೂ ಮೂಸಿ ನೋಡಲ್ಲ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಮಾಡಿದವರು ತೇಗದ ನೆಡುತೋಪು ನೋಡಿರಲಿಲ್ಲ ಅಂತ ಕಾಣುತ್ತದೆ. ಹಾಗಾಗಿ ಎಲೆ ಗುಡಿಸಲು ಜನ ಬೇಕೇ ಬೇಕು, ಊದುವ ಮಷೀನೂ ಬೇಕು, ನಿಮ್ಮ ಫೈರ್ ವಾಚರ್ ಹುಡುಗರೂ ಬೇಕು. ಅವರ ಕೂಲಿ ಕತ್ತರಿಸಿ ಆಡಿಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಹುಲ್ಲು ಮೊದಲೇ ಹೋಗಿದ್ದರೆ ಆ ಹುಡುಗರ ಬೆನ್ನು ಅರ್ಧ ಉಳಿಯುತ್ತದೆ. 2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ವಾಪಸ್ ಬರಲಿಲ್ಲ. ಅಂಥ ಕೆಲಸಕ್ಕೆ ಹುಡುಗರನ್ನು ಕಳಿಸುವ ಮುಂಚೆ ನೆಲ ಆದಷ್ಟು ಖಾಲಿ ಇರಬೇಕು, ಅಲ್ವಾ?

ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹದಿಂದ ನೋಡಿ ಬೆಂಕಿ ಬಿದ್ದ ಜಾಗವನ್ನು ನಿಮ್ಮವರ ಮೊಬೈಲಿಗೆ ಕಳಿಸುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಆ ಉಪಗ್ರಹದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರ್. ನನ್ನ ಬದು ಅದರಲ್ಲಿ ಕೂದಲೆಳೆ. ಸಂದೇಶ ಬರುವ ಹೊತ್ತಿಗೆ ಬೆಂಕಿ ಗುಡ್ಡ ಹತ್ತಿರುತ್ತದೆ.

ನಾನು ಕೇಳುವುದು ಇಷ್ಟು. ಕಾಡಿನ ಒಳಗೆ ಬೇಡ, ಅಂಚಿನಲ್ಲಿ ಒಂದು ಪಟ್ಟಿ ಕೊಡಿ. ಹೊಲಗಳಿಗೆ ಹತ್ತಿದ ಕಡೆ, ತಾಂಡಾಗಳ ಹಿಂದೆ, ಚಂದ್ರಂಪಳ್ಳಿ ಕೆರೆಗೆ ಜನ ಓಡಾಡುವ ರಸ್ತೆಯ ಎರಡೂ ಬದಿ. ಬೀಡಿ ಬೀಳುವುದೂ ಅಲ್ಲೇ, ಬದು ಸುಡುವುದೂ ಅಲ್ಲೇ. ಶೀಗಿ ಹುಣ್ಣಿಮೆಯಿಂದ ಎಳ್ಳ ಅಮವಾಸ್ಯೆ ತನಕ, ಎರಡೂವರೆ ತಿಂಗಳು. ಆ ಹೊತ್ತಿಗೆ ಹುಲ್ಲು ತೆನೆ ಬಿಟ್ಟು ಬೀಜ ಉದುರಿಸಿರುತ್ತದೆ. ಮುಂದಿನ ವರ್ಷ ಹುಟ್ಟುವುದಕ್ಕೆ ತೊಂದರೆ ಇಲ್ಲ. ಇನ್ನೂ ಪೂರ್ತಿ ಒಣಗಿರಲ್ಲ, ಕುರಿಗೆ ರುಚಿ ಇರುತ್ತದೆ. ಶಿವರಾತ್ರಿ ಹೊತ್ತಿಗೆ ಅದೇ ಹುಲ್ಲು ಬರೀ ಕಡ್ಡಿ. ಬೆಂಕಿಗೆ ಬಿಟ್ಟರೆ ಇನ್ಯಾರಿಗೂ ಬೇಡ.

ಲೆಕ್ಕವನ್ನೂ ಹಾಕಿದ್ದೇನೆ. ಐದು ಕಿಲೋಮೀಟರ್ ಉದ್ದ, ನೂರು ಅಡಿ ಅಗಲದ ಪಟ್ಟಿ ಅಂದರೆ ಸುಮಾರು 38 ಎಕರೆ. ಎಕರೆಗೆ ಒಂದು ಟನ್ ಒಣ ಮೇವು ಅಂತ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೋದರೂ ಸಾಕು, ಉಳಿದದ್ದು ಕಾಲ್ತುಳಿತಕ್ಕೆ ಮಲಗುತ್ತದೆ. ಮಲಗಿದ ಹುಲ್ಲಿನಲ್ಲಿ ಬೆಂಕಿ ನಿಧಾನ. ಮೂವತ್ತು ಕೆಜಿ ತೂಗುವ ಒಂದು ಆಡು ದಿನಕ್ಕೆ ಒಣ ಲೆಕ್ಕದಲ್ಲಿ ಒಂದು ಕೆಜಿ ತಿನ್ನುತ್ತದೆ. ಇನ್ನೂರು ತಲೆಯ ಎರಡು ಹಿಂಡು ಇದ್ದರೆ ಒಂದೂವರೆ ತಿಂಗಳ ಮೇಲೆ ಎರಡು ಮೂರು ದಿನದಲ್ಲಿ ಕೆಲಸ ಮುಗಿಯಿತು. ನಿಮ್ಮವರು ಇದೇ ಐದು ಕಿಲೋಮೀಟರಿನ ಪಕ್ಕ ಇನ್ನೈದು ಕಿಲೋಮೀಟರನ್ನು ಎಂದಿನಂತೆ ಕೊಯ್ದು ಸುಡಲಿ. ಯಾವುದಕ್ಕೆ ಎಷ್ಟು ಖರ್ಚು, ಯಾವುದರಲ್ಲಿ ಬೆಂಕಿ ದಾಟಿತು, ಒಂದು ಬೇಸಿಗೆ ನೋಡೋಣ.

‘ಇವರಿಗೆ ಅಂಚು ಕೊಟ್ಟರೆ ನಡುಮಧ್ಯೆ ಹೋಗುತ್ತಾರೆ’ ಅಂತ ನಿಮ್ಮ ಸಿಬ್ಬಂದಿ ಹೇಳುತ್ತಾರೆ. ಭಯ ಸುಳ್ಳಲ್ಲ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮ ಆಯಿತು. ಇರುವುದೇ 134.88 ಚದರ ಕಿಲೋಮೀಟರ್. ನಮ್ಮ ಮೂರು ಜಿಲ್ಲೆಯ ಬಿಸಿಲಿಗೆ ಇದೇ ದೊಡ್ಡ ನೆರಳು. ಅದನ್ನು ಆಡಿನ ಬಾಯಿಗೆ ಕೊಡಿ ಅಂದರೆ ನಾನೇ ಅಡ್ಡ ಮಲಗುತ್ತೇನೆ. ಸಸಿ ನೆಟ್ಟ ಜಾಗಕ್ಕೆ ಆಡು ನುಗ್ಗಿದರೆ ಏನಾಗುತ್ತದೆ ಅಂತ ನನಗೂ ಗೊತ್ತು. ಬರಗಾಲದಲ್ಲಿ ಮರದ ತೊಗಟೆಯನ್ನೂ ಬಿಡಲ್ಲ. ಒಂದೇ ಕಡೆ ತಿಂಗಳುಗಟ್ಟಲೆ ನಿಂತರೆ ನೆಲ ಗಟ್ಟಿಯಾಗಿ ನೀರು ಇಂಗಲ್ಲ. ಆದ್ದರಿಂದ ಎಳೆ ನೆಡುತೋಪು ಈ ಪಟ್ಟಿಯಿಂದ ಹೊರಗಿರಲಿ. ಮಳೆಗಾಲದಲ್ಲಿ ಹಿಂಡು ಬೇಡವೇ ಬೇಡ. ಒಂದು ಜಾಗದಲ್ಲಿ ಮೂರು ರಾತ್ರಿಗಿಂತ ಜಾಸ್ತಿ ಹಟ್ಟಿ ಬೇಡ. ಕೊಡಲಿ ಮತ್ತು ಕಡ್ಡಿಪೆಟ್ಟಿಗೆ ಊರಲ್ಲೇ ಬಿಟ್ಟು ಬರಲಿ. ತೊಪ್ಪಲು ಕಡಿದದ್ದು ಕಂಡರೆ ಕರಾರು ರದ್ದು ಮಾಡಿ.

ನನ್ನ ಕಸುಬಿಗೆ ಸೇರಿದ ಭಯಗಳು ಬೇರೆ. ಅವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಪಿಪಿಆರ್. ಕುರಿ, ಆಡುಗಳಿಗೆ ಬರುವ ಈ ರೋಗ ಕಾಡಿನ ಪ್ರಾಣಿಗೂ ದಾಟುತ್ತದೆ. ಮಂಗೋಲಿಯಾದಲ್ಲಿ 2016–17ರಲ್ಲಿ ಸೈಗಾ ಎಂಬ ಚಿಗರಿಗಳು ಇದರಿಂದ ಸಾವಿರಗಟ್ಟಲೆ ಸತ್ತವು. ನಮ್ಮ ಕಾಡಂಚಿನಲ್ಲಿ ಕೃಷ್ಣಮೃಗ ಇದೆ, ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಲಸಿಕೆ ಒಂದು ಸಲ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ವನ್ಯಜೀವಿಧಾಮದ ಐದು ಕಿಲೋಮೀಟರ್ ಸುತ್ತಲಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕು ಅಂತ 1972ರ ವನ್ಯಜೀವಿ ಕಾಯ್ದೆಯ 33ಎ ಕಲಂ ಹೇಳಿಯೇ ಇದೆ. ಲಸಿಕೆ ಹಾಕಿದ ಕಿವಿ ಬಿಲ್ಲೆ ಇಲ್ಲದ ಒಂದು ಆಡೂ ಪಟ್ಟಿಗೆ ಕಾಲಿಡಬಾರದು. ಹೀಗೆ ಮಾಡಿದರೆ ಈಗ ಕದ್ದು ಮೇಯಿಸುವ ಹಿಂಡಿಗಿಂತ ಕರಾರಿನ ಹಿಂಡೇ ಕಾಡಿಗೆ ಸುರಕ್ಷಿತ.

ಎರಡನೆಯದು ಬಳ್ಳಾರಿ ಜಾಲಿ. ಅದರ ಕಾಯಿ ಅಂದರೆ ಆಡಿಗೆ ಪೇಡೆ ಇದ್ದಂತೆ. ಬೀಜ ಕರಗದೆ ಹಿಕ್ಕೆಯಲ್ಲಿ ಹೊರಗೆ ಬಂದು ಬೀಳುತ್ತದೆ, ಗೊಬ್ಬರ ಸಮೇತ. ಜಾಲಿ ಕಾಯಿ ತಿಂದ ಹಿಂಡನ್ನು ನೇರ ಕಾಡಂಚಿಗೆ ತಂದರೆ ನಾವೇ ಬಿತ್ತನೆ ಮಾಡಿದಂತೆ. ನಾಲ್ಕೈದು ದಿನ ಬೇರೆ ಮೇವು ಹಾಕಿ ಹೊಟ್ಟೆ ಖಾಲಿ ಮಾಡಿಸಿ ತರಬೇಕು. ಲಂಟಾನ ಎಂಬ ವಿಷದ ಕಳೆಪೊದೆಯನ್ನೂ ಆಡು ತಿಂದು ಮುಗಿಸುತ್ತದೆ ಅಂತ ಯಾರೂ ಆಸೆ ಇಟ್ಟುಕೊಳ್ಳಬೇಡಿ. ಹಸಿವಿಗೆ ತಿಂದು, ಕಣ್ಣು ಹಳದಿಯಾಗಿ, ಬಿಸಿಲಿಗೆ ನಿಲ್ಲಲಾಗದೆ ನೆರಳು ಹುಡುಕುವ ಪ್ರಾಣಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಲಂಟಾನವನ್ನು ಬೇರು ಸಮೇತ ಕಿತ್ತೇ ತೆಗೆಯಬೇಕು. ಆಡಿನ ಕೆಲಸ ಅಲ್ಲ ಅದು.

ನಾಯಿ ವಿಷಯ ಕಷ್ಟದ್ದು. ಕುರಿಗಾರ ನಾಯಿ ಬಿಟ್ಟು ಬರಲ್ಲ, ತೋಳ ಇದೆ. ನಾಯಿ ಬಂದರೆ ಚಿಗರಿ ಬೆನ್ನಟ್ಟುತ್ತದೆ, ರೋಗವನ್ನೂ ತರುತ್ತದೆ. ಹಗಲು ನಾಯಿ ಹಟ್ಟಿಯಲ್ಲಿ ಕಟ್ಟಿರಲಿ, ರಾತ್ರಿ ಹಿಂಡು ಬಲೆಯೊಳಗೆ ಇರಲಿ ಅಂತ ಕಾಕಾನಿಗೆ ಹೇಳಿದೆ. ‘ನೀವು ಒಂದ್ ರಾತ್ರಿ ಬಂದು ಮಲಗ್ರಿ ಡಾಕ್ಟ್ರೇ, ಆಮ್ಯಾಲ ಹೇಳ್ರಿ’ ಅಂದ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತೋಳ ಹಿಡಿದ ಆಡಿಗೆ ತಿಂಗಳೊಳಗೆ ಪರಿಹಾರ ಕೈಗೆ ಬರುತ್ತದೆ ಅಂತಾದರೆ ಅರ್ಧ ಜಗಳ ಮುಗಿಯುತ್ತದೆ ಅನ್ನುವುದು ನನ್ನ ಅಂದಾಜು.

ಕಾನೂನು ಬಿಡಲ್ಲ ಅನ್ನುವ ಮಾತೂ ಕೇಳಿದ್ದೇನೆ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ಬೆಟ್ಟದಲ್ಲಿ ಒಂದು ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ಮರು ತಿಂಗಳೇ ಕಾಡಿನಲ್ಲಿ ದನ, ಕುರಿ, ಆಡು ಮೇಯಿಸುವುದಕ್ಕೆ ತಡೆ ಹಾಕಿ ಎಂದು ಅರಣ್ಯ ಸಚಿವರು ಸೂಚಿಸಿದರು. ಅವರು ನಮ್ಮ ಬೀದರ್ ಜಿಲ್ಲೆಯವರೇ, ಕುರಿಗಾರರ ಬದುಕು ಅವರಿಗೆ ಹೊಸದಲ್ಲ. ಹುಲಿ ಸತ್ತ ಸಂಕಟ ಅರ್ಥ ಆಗುತ್ತದೆ. ಆದರೆ ವನ್ಯಜೀವಿ ಕಾಯ್ದೆಯ 33ನೇ ಕಲಂ ಓದಿ ನೋಡಿ. ವನ್ಯಜೀವಿಗಳ ಹಿತ ನೋಡಿಕೊಂಡು ಮೇಯಿಸುವುದನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ. ನಿಷೇಧ ಒಂದೇ ದಾರಿ ಅಂತ ಅಲ್ಲಿ ಬರೆದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಂತೂ ಮೇಯಿಸುವುದನ್ನು, ಅಲೆಮಾರಿ ಕುರಿಗಾರರು ಋತುವಿಗೆ ತಕ್ಕಂತೆ ಬಂದು ಹೋಗುವುದನ್ನು ಸಮುದಾಯದ ಹಕ್ಕುಗಳ ಪಟ್ಟಿಯಲ್ಲೇ ಸೇರಿಸಿದೆ. ವನ್ಯಜೀವಿಧಾಮದಲ್ಲಿ ಕೈ ಹಾಕಲು ಹಿಂಜರಿಕೆ ಇದ್ದರೆ ಅದರ ಹೊರಗಿನ ಮೀಸಲು ಅರಣ್ಯದಲ್ಲಿ ಶುರು ಮಾಡಿ. ಬೀದರಿನ ಹೊನ್ನಿಕೇರಿ ಇದೆ. ಅಲ್ಲಿ ಕೃಷ್ಣಮೃಗಗಳಿಗೂ ಎದೆಯುದ್ದದ ಹುಲ್ಲಿಗಿಂತ ದೂರ ಕಾಣುವ ಗಿಡ್ಡ ಹುಲ್ಲೇ ಇಷ್ಟ.

ಹಣ ದೊಡ್ಡ ವಿಷಯ ಅಲ್ಲ ಅನ್ನಿಸುತ್ತದೆ. ನಮ್ಮ ಭಾಗಕ್ಕೇ ಅಂತ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಕಲಬುರಗಿಯಲ್ಲೇ ಅದರ ಕಚೇರಿ. ಲೆಕ್ಕ ಇಡಲು, ಹುಲ್ಲು ತೂಗಲು, ಹಿಕ್ಕೆ ಪರೀಕ್ಷೆ ಮಾಡಲು ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಇಡೀ ರಾಜ್ಯಕ್ಕೆ ಅದು ಒಂದೇ, ಇರುವುದು ನಮ್ಮ ಅಂಗಳದಲ್ಲಿ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಸಾರಿದೆ. ಭಾಷಣಕ್ಕೆ ಒಂದು ಕಾರ್ಯಕ್ರಮ ಹೇಗೂ ಮಾಡುತ್ತೀರಿ. ಆ ಶಾಮಿಯಾನದ ಖರ್ಚಿನಲ್ಲಿ ಒಂದು ಹಿಂಡಿನ ಕೂಲಿ ಬರುತ್ತದೋ ಏನೋ.

ಕೂಲಿ ಅಂದೆ. ಈ ಮಾತು ಕಾಕಾನ ಹತ್ತಿರ ತೆಗೆದಾಗ ಅವನು ನಕ್ಕುಬಿಟ್ಟ. ‘ಫಾರೆಸ್ಟಿನವ್ರು ನಮ್ಮನ್ನ ಕಂಡ್ರ ಬೆಂಕಿ ಕಂಡಂಗ ಮಾಡ್ತಾರ, ಅವ್ರು ರೊಕ್ಕ ಕೊಡ್ತಾರೇನ್ರಿ?’ ಅಂದ. ಹೊಲದಲ್ಲಿ ಒಂದು ರಾತ್ರಿ ಹಿಂಡು ತರುಬಿದರೆ ರೈತರು ಗೊಬ್ಬರಕ್ಕೆ ಅಂತ ದುಡ್ಡೋ ಜೋಳವೋ ಕೊಡುತ್ತಾರೆ. ಅವನಿಗೆ ಗೊತ್ತಿರುವ ವ್ಯವಹಾರ ಅದು. ಕಾಡಂಚಿನಲ್ಲಿ ನಿಂತರೆ ಅಷ್ಟಾದರೂ ಸಿಗಬೇಕು, ಇಲ್ಲದಿದ್ದರೆ ಯಾಕೆ ಬರುತ್ತಾನೆ? ಕರಾರು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಇರಲಿ. ಕಾಕಾನಿಗೆ ಓದಲು ಬರಲ್ಲ, ನಾನು ಓದಿ ಹೇಳುತ್ತೇನೆ.

ಕಾಡಂಚಿನ ನಮ್ಮ ಜನರಿಗೂ ಒಂದು ಮಾತು. ಬದು ಸುಡುವ ಮುಂಚೆ ಒಂದು ಹಿಂಡು ಕರೆಯಿರಿ. ನಾನು ಆ ವರ್ಷದ ನಂತರ ಬದುವಿಗೆ ಕಡ್ಡಿ ಗೀರಿಲ್ಲ. ದೀಪಾವಳಿ ಆದ ಮೇಲೆ ತೊಗರಿಗೆ ಬಾಯಿ ಹಾಕದಂತೆ ಒಬ್ಬರು ನಿಂತು ಕಾದರೆ ಎರಡು ತಾಸಿನಲ್ಲಿ ಮೂರು ಎಕರೆಯ ಬದು ಚೊಕ್ಕ ಆಗುತ್ತದೆ. ಆ ಒಬ್ಬರು ನಮ್ಮ ಮನೆಯಲ್ಲಿ ನನ್ನ ಹೆಂಡತಿ. ನನ್ನನ್ನು ಆ ಕೆಲಸಕ್ಕೆ ಅವಳು ನಂಬುವುದಿಲ್ಲ.

ಸಾಹೇಬರೇ, ನೀವೇ ಒಂದು ಸಲ ಬಂದು ನೋಡಿ. ಕಾಕಾನ ಹಿಂಡು ಈಗ ನಮ್ಮ ಗಾಯರಾಣದಲ್ಲೇ ಇದೆ. ಎಳ್ಳ ಅಮವಾಸ್ಯೆಯ ಚರಗ ಮುಗಿದ ಮೇಲೆ ತೊಗರಿ ಕೊಯ್ದ ಹೊಲಗಳ ಕಡೆ ಹೊರಟುಬಿಡುತ್ತದೆ, ಆಮೇಲೆ ಹುಡುಕುವುದು ಕಷ್ಟ. ಬರುವುದಾದರೆ ಬೆಳಿಗ್ಗೆ ಎಂಟರೊಳಗೆ ಬನ್ನಿ. ಜೀಪನ್ನು ಮಾತ್ರ ಸ್ವಲ್ಪ ದೂರ ನಿಲ್ಲಿಸಿ. ಖಾಕಿ ಬಣ್ಣದ ಜೀಪು ಕಂಡರೆ ಕಾಕಾ ಹಿಂಡು ಎಬ್ಬಿಸಿಕೊಂಡು ಗುಡ್ಡದ ಆ ಕಡೆ ಇಳಿದುಬಿಡುತ್ತಾನೆ.

ಇಂತಿ,
ಪಶು ಆಸ್ಪತ್ರೆಯ ಒಬ್ಬ ನಿವೃತ್ತ ನೌಕರ,
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ